ದುಡಿದವರ ಋಣ, ನೆನೆಯುವವರ ಹೊಣೆ

ಮೇ ತಿಂಗಳ ಕೊನೆಯ ದಿನಗಳು ಬಂದುವೆಂದರೆ ನಮ್ಮ ನಾಡಿನ ಕಚೇರಿಗಳಲ್ಲಿ ಬೀಳ್ಕೊಡುಗೆಯ ಸಮಾರಂಭಗಳು ಸಾಲುಗಟ್ಟುತ್ತವೆ. ಹಿಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ನೆನಪಿಲ್ಲದ ತಂದೆತಾಯಿಯರು ಜೂನ್ 1 ಎಂದು ಬರೆಸುತ್ತಿದ್ದುದರಿಂದ, ಮೇ 31ರಂದು ನಿವೃತ್ತರಾಗುವವರ ಸಂಖ್ಯೆ ಇಲ್ಲಿ ಹೆಚ್ಚು. ಅಂದು ವೇದಿಕೆಯ ಮೇಲೆ ಒಂದು ಕುರ್ಚಿ, ಹೆಗಲಿಗೆ ಒಂದು ಶಾಲು, ಕೊರಳಿಗೆ ಗಂಧದ ಹಾರ, ಕೈಗೆ ಹಣ್ಣಿನ ಬುಟ್ಟಿ. ಬಿನ್ನವತ್ತಳೆಯನ್ನು ಯಾರೋ ಓದುತ್ತಾರೆ. ಅದರಲ್ಲಿರುವ ವಿಶೇಷಣಗಳು ಕಳೆದ ವರ್ಷ ನಿವೃತ್ತರಾದವರಿಗೆ ಬಳಸಿದವೇ ಆಗಿರುತ್ತವೆ. ಹೆಸರು ಮಾತ್ರ ಬೇರೆ. ಮೂವತ್ತು ವರ್ಷಗಳ ದುಡಿಮೆಗೆ ಮೂವತ್ತು ನಿಮಿಷಗಳ ಹೊಗಳಿಕೆ ಸಲ್ಲುತ್ತದೆ. ಮರುದಿನ ಆ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ.

ಇಂತಹ ಸಮಾರಂಭಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಏನೂ ಮಾಡದಿರುವುದಕ್ಕಿಂತ ಇಷ್ಟನ್ನಾದರೂ ಮಾಡುವುದು ಒಳಿತು. ಆದರೆ ಪ್ರಶ್ನೆಯೊಂದು ಉಳಿಯುತ್ತದೆ: ಒಬ್ಬ ವ್ಯಕ್ತಿ ತನ್ನ ಆಯುಷ್ಯದ ಅತ್ಯುತ್ತಮ ವರ್ಷಗಳನ್ನು ಒಂದು ಸಂಸ್ಥೆಗೆ ಧಾರೆಯೆರೆದಾಗ, ಜೊತೆಯಲ್ಲಿ ದುಡಿದವರಿಗೂ ದುಡಿಸಿಕೊಂಡವರಿಗೂ ಉಂಟಾಗುವ ಋಣ ಎಂತಹುದು? ಅದು ಕೇವಲ ಸೌಜನ್ಯದ ಮಾತೇ, ಅಥವಾ ನ್ಯಾಯದ ಮಾತೇ?

ಕಲ್ಲಿನಲ್ಲಿ ಉಳಿದ ನಿಷ್ಠೆ

ನಮ್ಮ ಕನ್ನಡ ನಾಡು ನಿಷ್ಠೆಯನ್ನು ಗುರುತಿಸುವುದರಲ್ಲಿ ಎಂದೂ ಜಿಪುಣತನ ತೋರಿದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೇ ಇದಕ್ಕೆ ಸಾಕ್ಷಿ. ಗಂಗರ ಅರಸ ಇಮ್ಮಡಿ ಬೂತುಗನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ತನ್ನ ಸೇವಕ ಮಣಲೇರನಿಗೆ ಮೆಚ್ಚುಗೆಯಾಗಿ ಏನು ಬೇಕೆಂದು ಕೇಳಿದಾಗ, ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ನಿತ್ಯವೂ ಅದಕ್ಕೆ ಗೌರವ ಸಲ್ಲುವಂತೆ ಏರ್ಪಾಡು ಮಾಡಲಾಯಿತು. ಸಾವಿರ ವರ್ಷಗಳ ಹಿಂದೆ ಒಂದು ಮೂಕಪ್ರಾಣಿಯ ನಿಯತ್ತನ್ನು ಹೆಸರು ಹಿಡಿದು ಕಲ್ಲಿನಲ್ಲಿ ಕೆತ್ತಿಸಿದ ನಾಡಿನಲ್ಲಿ, ಇಪ್ಪತ್ತೈದು ವರ್ಷ ಗಂಟೆ ಬಾರಿಸಿದ ಶಾಲಾ ಜವಾನನ ಪೂರ್ಣ ಹೆಸರು ಅಲ್ಲಿನ ಅಧ್ಯಾಪಕರಿಗೇ ತಿಳಿದಿರುವುದಿಲ್ಲ ಎಂದರೆ ವಿಷಾದವಾಗುತ್ತದೆ.

ಪವಿತ್ರ ಗ್ರಂಥವೂ ಇದೇ ದಾರಿಯನ್ನು ತೋರುತ್ತದೆ. ಆದಿಕಾಂಡದ 35ನೆಯ ಅಧ್ಯಾಯದಲ್ಲಿ, ಮಹಾಪಿತೃಗಳ ದೊಡ್ಡ ಘಟನೆಗಳ ನಡುವೆ, ಒಂದು ಸಣ್ಣ ವಾಕ್ಯ ಬರುತ್ತದೆ. ರೆಬೆಕ್ಕಳ ದಾದಿ ದೆಬೋರಳು ತೀರಿಕೊಂಡಳು. ಆಕೆಯನ್ನು ಬೇತೇಲಿನ ಸಮೀಪ ಒಂದು ಮರದ ಕೆಳಗೆ ಸಮಾಧಿ ಮಾಡಿದರು. ಆ ಮರಕ್ಕೆ ಅಳುವಿಕೆಯ ಮರ ಎಂಬ ಹೆಸರಾಯಿತು. ರೆಬೆಕ್ಕಳು ತೌರುಮನೆಯಿಂದ ಮದುಮಗಳಾಗಿ ಹೊರಟಾಗ ಜೊತೆಗೆ ಬಂದವಳು ಆ ದಾದಿ. ಒಂದು ಮನೆತನದ ಎರಡು ತಲೆಮಾರುಗಳನ್ನು ನೋಡಿಕೊಂಡ ಸೇವಕಿಗಾಗಿ ಒಂದು ಮನೆತನವೇ ಕಣ್ಣೀರಿಟ್ಟಿತು. ಆಕೆಯ ಸಮಾಧಿಯ ಸ್ಥಳವನ್ನು ದೇವರ ವಾಕ್ಯವು ಮರೆಯಲಿಲ್ಲ.

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಪೂಜೆಯಲ್ಲಿ ಕೇಳುವಾಗ ಅದು ಬರಿಯ ಹೆಸರುಗಳ ಪಟ್ಟಿಯೆಂದು ನಮ್ಮಲ್ಲಿ ಹಲವರು ಬೇಸರಪಡುವುದುಂಟು. ಸಾವಧಾನವಾಗಿ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಇಪ್ಪತ್ತಕ್ಕೂ ಹೆಚ್ಚು ಸಹೋದ್ಯೋಗಿಗಳನ್ನು ಅವರು ನೆನೆಯುತ್ತಾರೆ, ಮತ್ತು ಅನೇಕರ ಹೆಸರಿನೊಡನೆ ಆ ವ್ಯಕ್ತಿ ಮಾಡಿದ ಕೆಲಸವನ್ನೂ ಹೇಳುತ್ತಾರೆ. ಫೆಬೆ ಅನೇಕರಿಗೆ ಆಸರೆಯಾದವಳು. ಪ್ರಿಸ್ಕ ಮತ್ತು ಅಕ್ವಿಲ ದಂಪತಿಗಳು ಅವರ ಪ್ರಾಣಕ್ಕಾಗಿ ತಮ್ಮ ಕೊರಳನ್ನೇ ಒಡ್ಡಿದವರು. ಪೆರ್ಸಿಸ್ ಬಹಳವಾಗಿ ದುಡಿದವಳು. ರೂಫನ ತಾಯಿ ಅವರಿಗೂ ತಾಯಿಯಂತಿದ್ದವಳು. ಪತ್ರವನ್ನು ಹೇಳಿಸಿಕೊಂಡು ಬರೆದ ಲಿಪಿಕಾರನಾದ ತೆರ್ತ್ಯನಿಗೂ ಅಲ್ಲಿ ಒಂದು ಸಾಲಿನ ಸ್ಥಳವಿದೆ. ಎಲ್ಲರಿಗೂ ಒಂದೇ ವಿಶೇಷಣ ಹಂಚುವ ನಮ್ಮ ಬಿನ್ನವತ್ತಳೆಗಳಿಗೆ ಈ ಅಧ್ಯಾಯಕ್ಕಿಂತ ಉತ್ತಮ ಮಾದರಿ ಬೇಕಿಲ್ಲ.

ಕೃತಜ್ಞತೆಯ ಮೂರು ಮೆಟ್ಟಿಲು

ಹದಿಮೂರನೆಯ ಶತಮಾನದ ಮಹಾನ್ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸರು ಕೃತಜ್ಞತೆಯನ್ನು ಭಾವನೆಗಳ ಸಾಲಿನಲ್ಲಿ ಇಡಲಿಲ್ಲ. ನ್ಯಾಯವೆಂಬ ಮೂಲಗುಣಕ್ಕೆ ಸೇರಿದ ಒಂದು ಸದ್ಗುಣವೆಂದು ಅದನ್ನು ವಿವರಿಸಿದರು. ಎಂದರೆ, ಅದು ನಮಗೆ ಮನಸ್ಸು ಬಂದಾಗ ಕೊಡುವ ದಾನವಲ್ಲ, ಸಲ್ಲಿಸಬೇಕಾದ ಬಾಕಿ. ಅದಕ್ಕೆ ಮೂರು ಮೆಟ್ಟಿಲುಗಳಿವೆ ಎಂದು ಅವರು ಕಾಣಿಸಿದರು. ಪಡೆದ ಉಪಕಾರವನ್ನು ಗುರುತಿಸುವುದು ಮೊದಲನೆಯದು. ಅದನ್ನು ಬಾಯಿಬಿಟ್ಟು ಹೇಳಿ ವಂದಿಸುವುದು ಎರಡನೆಯದು. ತಕ್ಕ ಸ್ಥಳದಲ್ಲಿ, ತಕ್ಕ ಕಾಲದಲ್ಲಿ, ಶಕ್ತಿಗನುಸಾರವಾಗಿ ಮರಳಿಸುವುದು ಮೂರನೆಯದು. ಕೃತಘ್ನತೆಯಲ್ಲಿ ಅತ್ಯಂತ ಹೀನವಾದದ್ದು ಮರಳಿಸದಿರುವುದಲ್ಲ, ಪಡೆದೆವೆಂಬುದನ್ನೇ ಅರಿಯದಿರುವುದು ಅಥವಾ ಮರೆತುಬಿಡುವುದು ಎಂದೂ ಅವರು ತೀರ್ಮಾನಿಸಿದರು.

ಈ ಮೂರು ಮೆಟ್ಟಿಲುಗಳನ್ನು ನಮ್ಮ ಕಚೇರಿಗಳಿಗೆ ಅನ್ವಯಿಸಿ ನೋಡೋಣ.

ಮೊದಲನೆಯದು ಗುರುತಿಸುವುದು. ದೀರ್ಘಕಾಲದ ಸೇವೆಯ ಸ್ವಭಾವವೇ ಕಣ್ಣಿಗೆ ಬೀಳದಿರುವುದು. ಹೊಸದಾಗಿ ಬಂದವರು ಮಾಡಿದ ಒಂದು ಒಳ್ಳೆಯ ಕೆಲಸ ಎದ್ದು ಕಾಣುತ್ತದೆ; ಹಳಬರು ನಿತ್ಯವೂ ತಪ್ಪದೆ ಮಾಡುವ ಕೆಲಸ ಗೋಡೆಯ ಗಡಿಯಾರದಂತೆ, ನಿಂತಾಗಲೇ ನೆನಪಾಗುತ್ತದೆ. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಹೊಸ ದಾದಿಯ ಕೈ ನಡುಗಿದಾಗ ಪಕ್ಕದಲ್ಲಿ ಬಂದು ನಿಲ್ಲುವ ಹಿರಿಯ ಸಿಸ್ಟರ್, ಲೆಕ್ಕಪತ್ರದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಕತ್ತಲಾಗುವವರೆಗೆ ಕುಳಿತುಕೊಳ್ಳುವ ಗುಮಾಸ್ತ, ಯಾವ ಮಗು ಊಟದ ಡಬ್ಬಿ ತಂದಿಲ್ಲವೆಂದು ನೋಡಿದೊಡನೆ ತಿಳಿಯುವ ಆಯಾ - ಇವರ ಕೆಲಸ ಯಾವ ವರದಿಯಲ್ಲೂ ದಾಖಲಾಗುವುದಿಲ್ಲ. ಎಲೆಮರೆಯ ಕಾಯಿಯೆಂದು ಹೊಗಳಿ ಅವರನ್ನು ಎಲೆಯ ಮರೆಯಲ್ಲೇ ಬಿಟ್ಟುಬಿಡುವುದು ನಮ್ಮ ಅಭ್ಯಾಸ.

ಎರಡನೆಯದು ಹೇಳುವುದು. ಇದು ಆಡಳಿತ ಮಂಡಳಿಯ ಕೆಲಸವೆಂದು ನಾವು ಭಾವಿಸುತ್ತೇವೆ. ನಮ್ಮ ದೃಷ್ಟಿಯಲ್ಲಿ ಇದು ಮೊದಲು ಸಹೋದ್ಯೋಗಿಗಳ ಕೆಲಸ. ಪಕ್ಕದ ಮೇಜಿನವರಿಗೆ ತಿಳಿದಿರುವಷ್ಟು ಮೇಲಧಿಕಾರಿಗೆ ತಿಳಿದಿರುವುದಿಲ್ಲ. ಕೆಲಸ ಕಲಿಸಿಕೊಟ್ಟವರಿಗೆ, ನಮ್ಮ ಮನೆಯಲ್ಲಿ ಸಾವು ಸಂಭವಿಸಿದಾಗ ನಮ್ಮ ಪಾಲಿನ ಕೆಲಸವನ್ನೂ ಮಾಡಿ ಮುಗಿಸಿದವರಿಗೆ, ಅವರು ನಮ್ಮೊಡನೆ ಇರುವಾಗಲೇ ಆ ಮಾತನ್ನು ಹೇಳಬೇಕು. ಗಣಕಯಂತ್ರದ ಹೊಸ ವಿಧಾನಗಳು ಹಳಬರಿಗೆ ಬೇಗನೆ ಒಗ್ಗದಿದ್ದಾಗ ಕಿರಿಯರು ನಗುವುದನ್ನು ನಾವು ಕೇಳಿದ್ದೇವೆ. ಆ ಯಂತ್ರವನ್ನು ಕೊಳ್ಳುವ ಶಕ್ತಿ ಸಂಸ್ಥೆಗೆ ಬಂದದ್ದು ಯಾರ ದುಡಿಮೆಯಿಂದ ಎಂಬುದನ್ನು ನಗುವವರು ಒಮ್ಮೆ ಯೋಚಿಸಲಿ.

ಶಾಲಿನ ಬದಲು ಸಲ್ಲಬೇಕಾದದ್ದು

ಮೂರನೆಯ ಮೆಟ್ಟಿಲು ಮರಳಿಸುವುದು. ಇಲ್ಲಿ ಮಾತು ಸಾಲದು. ಗ್ರಾಚ್ಯುಯಿಟಿ ಎಂದು ನಾವು ದಿನವೂ ಬಳಸುವ ಪದಕ್ಕೂ, ಕೃತಜ್ಞತೆಗೆ ಥಾಮಸರು ಬಳಸಿದ ಲತೀನ್ ಪದಕ್ಕೂ ಬೇರು ಒಂದೇ. ಒಂದು ಕಾಲದಲ್ಲಿ ಈ ಉಪದಾನವು ಯಜಮಾನನು ಮೆಚ್ಚಿ ಕೊಡುವ ಇನಾಮು ಮಾತ್ರವಾಗಿತ್ತು. ಟಾಟಾ ಉಕ್ಕಿನ ಕಾರ್ಖಾನೆಯು 1937ರಲ್ಲೇ ನಿವೃತ್ತರಿಗೆ ಅದನ್ನು ನೀಡಲಾರಂಭಿಸಿತು. 1972ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅದನ್ನು ನೌಕರರ ಹಕ್ಕನ್ನಾಗಿ ಮಾಡಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಐದು ವರ್ಷ ನಿರಂತರವಾಗಿ ದುಡಿದವರಿಗೆ, ಪೂರೈಸಿದ ಪ್ರತಿಯೊಂದು ವರ್ಷಕ್ಕೂ ಹದಿನೈದು ದಿನಗಳ ವೇತನ. ದಿನದ ವೇತನವೆಂದರೆ ಕೊನೆಯ ತಿಂಗಳ ವೇತನದ 26ನೆಯ ಒಂದು ಭಾಗ. ಕೊನೆಯ ವೇತನ 26,000 ರೂಪಾಯಿ ಇದ್ದು ಮೂವತ್ತು ವರ್ಷ ದುಡಿದವರಿಗೆ 4,50,000 ರೂಪಾಯಿ ಸಲ್ಲಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಹಳೆಯ ಕಾಯಿದೆಯ ಸ್ಥಾನವನ್ನು ಪಡೆದಿದ್ದರೂ ಈ ಹಕ್ಕನ್ನು ಉಳಿಸಿಕೊಂಡಿದೆ; ನಿಶ್ಚಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಅದನ್ನು ವಿಸ್ತರಿಸಿದೆ.

ಶಿಕ್ಷಕರ ವಿಷಯದಲ್ಲಿ ಈ ಹಕ್ಕು ಸುಲಭವಾಗಿ ಬರಲಿಲ್ಲ. ಹಳೆಯ ಕಾಯಿದೆಯ ವ್ಯಾಖ್ಯೆಯಂತೆ ಶಿಕ್ಷಕರು ನೌಕರರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ತೀರ್ಪಿತ್ತಿತು. ಸಂಸತ್ತು 2009ರಲ್ಲಿ ಕಾಯಿದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನೂ ಅದರಲ್ಲಿ ಸೇರಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಈ ವಿವರಗಳನ್ನು ನಾವು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸುವುದರಲ್ಲಿ ಕಥೋಲಿಕ ಸಮುದಾಯಕ್ಕೆ ದೊಡ್ಡ ಹೆಸರಿದೆ. ಆ ಹೆಸರಿನ ಹಿಂದೆ ಅನುದಾನರಹಿತ ತರಗತಿಗಳಲ್ಲಿ ಅಲ್ಪ ವೇತನಕ್ಕೆ ದುಡಿದ ಸಾವಿರಾರು ಕೈಗಳಿವೆ. ಪ್ರತಿ ಜೂನ್‌ನಲ್ಲಿ ಹೊಸ ನೇಮಕಾತಿ ಪತ್ರ, ಪ್ರತಿ ಮಾರ್ಚ್‌ನಲ್ಲಿ ಬಿಡುಗಡೆ, ಹೀಗೆ ಸೇವೆಯ ನಿರಂತರತೆಯನ್ನು ಕಾಗದದ ಮೇಲೆ ಮುರಿಯುವ ಜಾಣತನ ಯಾವ ಸಂಸ್ಥೆಯಲ್ಲಿ ನಡೆದರೂ ಅದು ಅನ್ಯಾಯವೇ. ಇದು ಸೇವೆ, ಇಲ್ಲಿ ಹಣದ ಲೆಕ್ಕ ಹಾಕಬಾರದು ಎಂದು ದುಡಿಯುವವರಿಗೆ ಬೋಧಿಸುವವರು, ಶುಲ್ಕವನ್ನು ವಸೂಲು ಮಾಡುವಾಗಲೂ ಆ ಮಾತನ್ನು ನೆನೆಯುತ್ತಾರೆಯೇ? 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮಿಕರನ್ನು ಕುರಿತು ಹೊರಡಿಸಿದ ವಿಶ್ವಪರಿಪತ್ರವೂ, 1981ರಲ್ಲಿ ಎರಡನೆಯ ಜಾನ್ ಪೌಲರು ಮಾನವನ ದುಡಿಮೆಯನ್ನು ಕುರಿತು ಬರೆದ ಪರಿಪತ್ರವೂ ಕಾರ್ಖಾನೆಯ ಮಾಲೀಕರಿಗೆ ಮಾತ್ರ ಬರೆದವಲ್ಲ. ಸಲ್ಲಬೇಕಾದ ಹಣವನ್ನು ತಡೆದು ಶಾಲು ಹೊದಿಸುವುದು ಸನ್ಮಾನವಲ್ಲ.

ನಿಷ್ಠೆ ಯಾವುದಕ್ಕೆ?

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ದೀರ್ಘಕಾಲ ಇದ್ದವರೆಲ್ಲರೂ ನಿಷ್ಠರೇ? ಬೇರೆಲ್ಲೂ ಕೆಲಸ ಸಿಗದೆ ಉಳಿದವರಿಲ್ಲವೇ? ಕುರ್ಚಿಗೆ ಅಂಟಿಕೊಂಡು ಕಾಲ ಕಳೆದವರಿಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದು. ಅಮೆರಿಕದ ತತ್ವಜ್ಞಾನಿ ಜೋಸಯ್ಯ ರಾಯ್ಸ್ ಅವರು ನಿಷ್ಠೆಯನ್ನು ಕುರಿತೇ 1908ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಿಷ್ಠೆಯೆಂದರೆ ಒಬ್ಬ ವ್ಯಕ್ತಿ ತಾನಾಗಿ ಒಪ್ಪಿಕೊಂಡ ಧ್ಯೇಯಕ್ಕೆ ಪೂರ್ಣವಾಗಿ, ಕಾರ್ಯರೂಪದಲ್ಲಿ ಸಮರ್ಪಿಸಿಕೊಳ್ಳುವುದು ಎಂಬುದು ಅವರ ವಾದದ ಸಾರ. ವರ್ಷಗಳ ಎಣಿಕೆಯಷ್ಟೇ ನಿಷ್ಠೆಯಲ್ಲ. ಮೇಲಧಿಕಾರಿಯ ಮಾತಿಗೆ ತಲೆದೂಗುವುದೂ ನಿಷ್ಠೆಯಲ್ಲ. ರೋಗಿಗೆ ಅಪಾಯವಾಗುತ್ತದೆಂದು ವೈದ್ಯರ ಎದುರಿಗೆ ನಿಂತು ಹೇಳುವ ದಾದಿ ಆಸ್ಪತ್ರೆಗೆ ನಿಷ್ಠಳು. ಲೆಕ್ಕ ತಪ್ಪಿದೆಯೆಂದು ಆಡಳಿತ ಮಂಡಳಿಗೆ ಬರೆದು ತಿಳಿಸುವ ಗುಮಾಸ್ತ ಸಂಸ್ಥೆಗೆ ನಿಷ್ಠನು. ಇಂಥವರು ಹೆಚ್ಚಾಗಿ ಸನ್ಮಾನದ ಪಟ್ಟಿಯಲ್ಲಿ ಇರುವುದಿಲ್ಲ. ಅವರನ್ನು ಮೊದಲು ಗುರುತಿಸುವುದು ವಿವೇಕದ ಲಕ್ಷಣ.

ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮವು ಅಪಘಾತರಹಿತ ಸೇವೆ ಸಲ್ಲಿಸಿದ ಚಾಲಕರಿಗೆ ಬೆಳ್ಳಿಯ ಮತ್ತು ಚಿನ್ನದ ಪದಕಗಳನ್ನು ನೀಡುವ ಪದ್ಧತಿ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಅಲ್ಲಿ ಎಣಿಸುವುದು ಬರಿಯ ವರ್ಷಗಳನ್ನಲ್ಲ. ಪ್ರಯಾಣಿಕರನ್ನು ಕ್ಷೇಮವಾಗಿ ಮನೆ ಸೇರಿಸಿದ ವರ್ಷಗಳನ್ನು. ಧರ್ಮಸಭೆಯಲ್ಲೂ ಇಂತಹ ಗೌರವಗಳಿವೆ. ಪೋಪ್ ಹದಿಮೂರನೆಯ ಲಿಯೋ ಅವರು 1888ರಲ್ಲಿ ತಮ್ಮ ಗುರುದೀಕ್ಷೆಯ ಸುವರ್ಣ ಮಹೋತ್ಸವದ ನೆನಪಿಗಾಗಿ ಸ್ಥಾಪಿಸಿದ ಪ್ರೋ ಎಕ್ಲೇಸಿಯಾ ಎತ್ ಪೊಂತಿಫಿಚೆ ಎಂಬ ಪದಕವನ್ನು ಜನಸಾಮಾನ್ಯರೂ ಪಡೆಯಬಹುದು. ಎಲ್ಲರಿಗೂ ರೋಮಿನಿಂದ ಪದಕ ಬರಲಾರದು. ಆದರೆ ಬೆಳಗಿನ ಐದು ಗಂಟೆಗೆ ದೇವಾಲಯದ ಬಾಗಿಲು ತೆರೆದು ಗಂಟೆ ಬಾರಿಸುವವರನ್ನೂ, ಇಪ್ಪತ್ತು ವರ್ಷಗಳಿಂದ ಭಾನುವಾರದ ಧರ್ಮೋಪದೇಶ ತರಗತಿ ನಡೆಸುವ ಟೀಚರನ್ನೂ ನೆನೆಯಲು ರೋಮಿನ ಅಪ್ಪಣೆ ಬೇಕಿಲ್ಲ.

ಮನೆಯಲ್ಲೇ ಉಳಿದ ಮಗ

ಲೂಕನ ಶುಭಸಂದೇಶದಲ್ಲಿ ದುಂದುಗಾರ ಮಗನ ಕಥೆಯನ್ನು ಕೇಳುವಾಗ ನಾವೆಲ್ಲರೂ ಮರಳಿ ಬಂದ ಕಿರಿಯನ ಕಡೆಗೇ ನೋಡುತ್ತೇವೆ. ಹಿರಿಯ ಮಗನದು ಕಹಿ ಮನಸ್ಸೆಂದು ಬದಿಗಿಡುತ್ತೇವೆ. ಆದರೆ ಅವನ ದೂರನ್ನು ಗಮನಿಸಬೇಕು. ಇಷ್ಟು ವರ್ಷ ದುಡಿದರೂ ಗೆಳೆಯರೊಡನೆ ಸಂತೋಷಪಡಲು ಒಂದು ಆಡಿನ ಮರಿಯೂ ತನಗೆ ಸಿಗಲಿಲ್ಲ ಎಂಬುದು ಅವನ ಅಳಲು. ತಂದೆ ಅವನನ್ನು ಗದರಿಸಲಿಲ್ಲ. ಔತಣವನ್ನು ಬಿಟ್ಟು ತಾನೇ ಹೊರಗೆ ಬಂದನು; ಮನೆಯಲ್ಲಿರುವುದೆಲ್ಲವೂ ಅವನದೇ ಎಂದು ಹೇಳಿ ಬೇಡಿಕೊಂಡನು. ಉಳಿದವರಿಗೆ ಸಲ್ಲಬೇಕಾದ ಗೌರವ ಈ ಮಾತಿನಲ್ಲಿದೆ: ಇದು ನಿನ್ನದೂ ಹೌದು. ಕೂಲಿಯಾಳಾಗಿ ಕಾಣದೆ ಪಾಲುದಾರರಾಗಿ ಕಾಣುವುದು.

ಸಂತ ಜೋಸೆಫರನ್ನು ಕಾರ್ಮಿಕರ ಪಾಲಕರೆಂದು ಸ್ಮರಿಸುವ ಮೇ 1ರ ಹಬ್ಬವನ್ನು ಪೋಪ್ ಹನ್ನೆರಡನೆಯ ಪಿಯುಸರು 1955ರಲ್ಲಿ ಸ್ಥಾಪಿಸಿದರು. ಶುಭಸಂದೇಶಗಳಲ್ಲಿ ಒಂದು ಮಾತನ್ನೂ ಆಡದ ಆ ಬಡಗಿಗಿಂತ ತಕ್ಕ ಪಾಲಕರು ಸದ್ದಿಲ್ಲದೆ ದುಡಿದವರಿಗೆ ಸಿಗಲಾರರು.

ಓದುಗರಲ್ಲಿ ನಮ್ಮ ವಿನಂತಿ ಸರಳವಾದದ್ದು. ನೀವು ಸಂಸ್ಥೆಯನ್ನು ನಡೆಸುವವರಾದರೆ, ನಿಮ್ಮಲ್ಲಿ ಹತ್ತು ವರ್ಷ ಮೀರಿ ದುಡಿದವರ ಸೇವಾಪುಸ್ತಕಗಳನ್ನು ತೆರೆದು, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಈ ತಿಂಗಳಲ್ಲೇ ನೋಡಿರಿ. ನೀವು ನೌಕರರಾದರೆ, ನಿಮಗೆ ಕೆಲಸ ಕಲಿಸಿದವರೊಬ್ಬರನ್ನು ನೆನೆದು, ಅವರು ಮಾಡಿದ್ದೇನೆಂದು ಹೆಸರಿಸಿ ನಾಲ್ಕು ಸಾಲು ಬರೆದು ಕಳುಹಿಸಿರಿ. ನಿಮ್ಮ ಮನೆಯ ಕೆಲಸಕ್ಕೆ ವರ್ಷಗಳಿಂದ ಬರುವ ಅಕ್ಕನಿದ್ದರೆ, ವಾರಕ್ಕೊಂದು ದಿನ ಸಂಬಳ ಸಹಿತ ರಜೆ ಕೊಟ್ಟು, ಆಕೆಯ ಹೆಸರಿನಲ್ಲಿ ತಿಂಗಳಿಗಿಷ್ಟೆಂದು ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆಯನ್ನು ತೆರೆಯಿಸಿರಿ. ಋಣ ದೊಡ್ಡದು, ತೀರಿಸಲು ಆರಂಭಿಸುವುದಕ್ಕೆ ನಿವೃತ್ತಿಯ ದಿನದವರೆಗೆ ಕಾಯಬೇಕಾಗಿಲ್ಲ.