ನೂಪುಟ್ಟು ಮತ್ತು ಗದ್ದೆಯ ಮೀನು

ಇಟಲಿಯ ಪಾಸ್ತಾ ಇಂದು ಮಡಿಕೇರಿಯ ಅಂಗಡಿಗಳಲ್ಲಿಯೂ ದೊರೆಯುತ್ತದೆ, ದೊರೆಯಲಿ. ಅದರ ದಾಯಾದಿಯೊಂದು ಕೊಡಗಿನ ಮನೆಗಳಲ್ಲಿ ಬಹುಕಾಲದಿಂದಲೂ ಉಂಟು: ನೂಪುಟ್ಟು, ಎಂದರೆ ನೂಲಿನಂತಹ ಪುಟ್ಟು. ಅಲ್ಲಿ ಗೋಧಿ, ಇಲ್ಲಿ ಅಕ್ಕಿ. ಕಾಸಿದ ಹಿಟ್ಟನ್ನು ಉಂಡೆಗಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿಯಾರುವ ಮೊದಲೇ ಒರಳಿನಲ್ಲಿ ಒತ್ತಬೇಕು; ತಣಿದರೆ ಎಳೆ ಬಾರದು.

ರಾತ್ರಿಯೂಟಕ್ಕೆ ಇದರೊಡನೆ ತೆಳುವಾದ ಸಾರೇ ಸಾಕು: ನಾಲ್ಕು ತುಂಡು ಮೀನು, ಬದನೆ, ಬೀನ್ಸ್, ಇಳಿಸುವ ಮುನ್ನ ಕಾಚಂಪುಳಿಯ ಕೆಲವೇ ಹನಿ. ಪಣಪುಳಿ ಹಣ್ಣಿನ, ಮಲೆನಾಡಿನವರ ಉಪ್ಪಾಗೆಯ, ರಸವನ್ನು ಕಪ್ಪಾಗುವಷ್ಟು ಕುದಿಸಿದ ಹುಳಿಯದು. ಮಿತಿಮೀರಿದರೆ ಮೀನಿನ ರುಚಿಯೇ ಅಡಗುತ್ತದೆ.

ಹಿಂದೆ ಅಕ್ಕಿ ಕೊಟ್ಟ ಗದ್ದೆಯೇ ಮಳೆಗಾಲದಲ್ಲಿ ಮೀನನ್ನೂ ಕೊಡುತ್ತಿತ್ತು. ಈಗ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಮೀನು ಕರಾವಳಿಯಿಂದ ಮಂಜುಗಡ್ಡೆಯೊಳಗೆ ಘಟ್ಟವೇರಿ ಬರುತ್ತದೆ. ಒರಳು ಅನೇಕ ಮನೆಗಳಲ್ಲಿ ಅಟ್ಟ ಸೇರಿದೆ. ಒರಳನ್ನಾದರೂ ಈ ಭಾನುವಾರವೇ ಕೆಳಗಿಳಿಸಬಹುದು.