ಹಯಾನ್ ಹಾದುಹೋದ ಲೇಟೆ

ಫಿಲಿಪ್ಪೀನ್ಸ್‌ನ ಲೇಟೆ ದ್ವೀಪದ ಮೇಲೆ 2013ರ ನವೆಂಬರ್ 8ರ ಬೆಳಿಗ್ಗೆ ಎರಗಿದ ಹಯಾನ್, ನೆಲ ತಲುಪಿದ ಚಂಡಮಾರುತಗಳಲ್ಲೇ ಅತಿ ಪ್ರಬಲವಾದವುಗಳ ಸಾಲಿಗೆ ಸೇರಿದ್ದು. ಪಶ್ಚಿಮ ಪೆಸಿಫಿಕ್‌ನಲ್ಲಿ ಇಂಥವನ್ನು ಟೈಫೂನ್ ಎನ್ನುತ್ತಾರೆ. ಬಂಗಾಳ ಕೊಲ್ಲಿಯ ಸೈಕ್ಲೋನೂ ಇದೇ ಜಾತಿಯದು. ಅಮೆರಿಕ ಸೇನೆಯ ಮುನ್ಸೂಚನಾ ಕೇಂದ್ರದ ಅಂದಾಜಿನಂತೆ, ಇದರ ಗಾಳಿ ಗಂಟೆಗೆ 315 ಕಿ.ಮೀ. ವೇಗ ಮುಟ್ಟಿತ್ತು. ಸತ್ತವರು 6,300ಕ್ಕೂ ಹೆಚ್ಚು. ಸಾವಿರಕ್ಕೂ ಮೀರಿ ಜನರ ಸುಳಿವೇ ಸಿಗಲಿಲ್ಲ.

ಆದರೆ ಅತಿ ಹೆಚ್ಚು ಜೀವ ತೆಗೆದದ್ದು ಗಾಳಿಗಿಂತ ಅದು ತಳ್ಳಿಕೊಂಡು ಬಂದ ಕಡಲು. ದ್ವೀಪದ ಮುಖ್ಯ ನಗರ ಟಕ್ಲೋಬಾನ್ ಇರುವುದು ಸ್ಯಾನ್ ಪೆದ್ರೊ ಕೊಲ್ಲಿಯ ತುದಿಯಲ್ಲಿ. ಲೇಟೆ ಮತ್ತು ಸಮಾರ್ ದ್ವೀಪಗಳ ನಡುವಿನ ಈ ಕೊಲ್ಲಿ ಆಲಿಕೆಯಂತೆ ಒಳಗೊಳಗೆ ಕಿರಿದಾಗುತ್ತದೆ, ಆಳವೂ ಕಡಿಮೆ. ನುಗ್ಗಿದ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲದೆ ಐದಾರು ಮೀಟರ್ ಎತ್ತರಕ್ಕೆ ಏರಿತು. ಗಾಳಿಯ ಎಚ್ಚರಿಕೆ ಜನರಿಗೆ ಮೊದಲೇ ಮುಟ್ಟಿತ್ತು, ಸಾವಿರಾರು ಮಂದಿ ಮನೆ ಬಿಟ್ಟು ಆಶ್ರಯ ತಾಣಗಳಿಗೂ ಹೋಗಿದ್ದರು. ಆದರೆ ಹಾಗೆ ಹೋದ ಕೆಲವು ಕಟ್ಟಡಗಳೇ ತಗ್ಗಿನಲ್ಲಿದ್ದುದರಿಂದ ಅವುಗಳೊಳಗೂ ನೀರು ಹೊಕ್ಕಿತು. 1897ರಲ್ಲೂ ಇದೇ ಕರಾವಳಿಯ ಮೇಲೆ ಕಡಲು ಹೀಗೆಯೇ ಉಕ್ಕಿದ್ದು ದಾಖಲಾಗಿದೆ. ಆ ನೆನಪು ಊರಿನಲ್ಲಿ ಉಳಿದಿದ್ದರೆ ಹೆಚ್ಚು ಜನ ಗುಡ್ಡ ಹತ್ತುತ್ತಿದ್ದರೇನೋ.

ಇಂಥ ಹೊತ್ತಿನಲ್ಲಿ ಮೊದಲು ನೆರವಿಗೆ ಧಾವಿಸಬೇಕಾದವರೇ ಸಂತ್ರಸ್ತರಾಗಿದ್ದರು. ಪೊಲೀಸರಲ್ಲಿ ಹಲವರು ತಮ್ಮ ಮನೆಯವರನ್ನು ಹುಡುಕುತ್ತಿದ್ದರು. ವಿಮಾನ ನಿಲ್ದಾಣ ಕಡಲಿಗೆ ಚಾಚಿದ ನೆಲದಲ್ಲಿದ್ದುದರಿಂದ ಅದರ ಟರ್ಮಿನಲ್ ಕಟ್ಟಡ ಬರಿಯ ಹಂದರವಾಯಿತು. ರಸ್ತೆಗಳ ಮೇಲೆ ಮರ, ತಗಡು, ಹೆಣ. ಹತ್ತಿರದ ಸೆಬು ನಗರದಲ್ಲಿ ಅಕ್ಕಿ, ನೀರು, ಔಷಧಿ ರಾಶಿ ಬೀಳುತ್ತಿದ್ದರೂ ಅಲ್ಲಿಂದ ಸಾಗಿಸುವ ದಾರಿಯಿರಲಿಲ್ಲ. ಫಿಲಿಪ್ಪೀನ್ಸ್ ವಾಯುಪಡೆಯ ಬಳಿ ಇದ್ದ ದೊಡ್ಡ ಸಾಗಣೆ ವಿಮಾನಗಳೂ ಬೆರಳೆಣಿಕೆಯಷ್ಟೇ.

ಈ ಕೊರತೆ ತುಂಬಿದ್ದು ಹೊರದೇಶದ ಸೇನೆಗಳು. ಜಪಾನಿನ ಒಕಿನಾವಾದಲ್ಲಿದ್ದ ಅಮೆರಿಕದ ಮರೀನ್ ಪಡೆ ಕೆಲವೇ ದಿನಗಳಲ್ಲಿ ಸಾಗಣೆ ವಿಮಾನಗಳೊಂದಿಗೆ ಬಂದಿಳಿಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು ‘ದಮಾಯನ್’. ರನ್‌ವೇ ತೆರವಾಗಿ, ದೀಪ ಹಾಗೂ ವಿಮಾನ ಸಂಚಾರ ನಿಯಂತ್ರಣದ ವ್ಯವಸ್ಥೆಯಾದ ಮೇಲೆ ರಾತ್ರಿಯೂ ವಿಮಾನಗಳು ಇಳಿಯತೊಡಗಿದವು. ಹಾಂಗ್‌ಕಾಂಗ್‌ನಲ್ಲಿ ಲಂಗರು ಹಾಕಿದ್ದ ವಿಮಾನವಾಹಕ ನೌಕೆ ‘ಜಾರ್ಜ್ ವಾಷಿಂಗ್ಟನ್’ ನವೆಂಬರ್ 14ರಂದು ಹತ್ತಿರದ ಕಡಲಿಗೆ ಬಂತು. ಅದರ ಹೆಲಿಕಾಪ್ಟರ್‌ಗಳು ರಸ್ತೆ ಕಡಿದುಹೋದ ಹಳ್ಳಿಗಳಿಗೆ ಆಹಾರ ಇಳಿಸಿ, ಗಾಯಾಳುಗಳನ್ನು ಹೊತ್ತು ಮರಳುತ್ತಿದ್ದವು. ಬ್ರಿಟನ್ನಿನ ‘ಡೇರಿಂಗ್’, ‘ಇಲಸ್ಟ್ರಿಯಸ್’ ನೌಕೆಗಳೂ ಆಸ್ಟ್ರೇಲಿಯಾದ ವೈದ್ಯರೂ ಬಂದರು. ಜಪಾನ್ ಸುಮಾರು ಸಾವಿರ ಸೈನಿಕರನ್ನು ಕಳಿಸಿತು. 1944ರಲ್ಲಿ ಅಮೆರಿಕ ಮತ್ತು ಜಪಾನ್ ಸೇನೆಗಳು ಪರಸ್ಪರ ಕಾದಾಡಿದ್ದು ಇದೇ ಲೇಟೆಯಲ್ಲಿ.

ಹಡಗು, ಹೆಲಿಕಾಪ್ಟರ್, ಶಿಸ್ತಿನ ಕೈಗಳು: ಮೊದಲ ಎರಡು ವಾರ ಇವಕ್ಕೆ ಬದಲಿಯಿಲ್ಲ. ಆಮೇಲೆ ಊರಿಗೆ ಬೇಕಾಗುವುದು ಮನೆ, ದುಡಿಮೆ, ಸಾಲ. ಅವು ಸೈನಿಕರ ಕೈಯಲ್ಲಿಲ್ಲ. ಡಿಸೆಂಬರ್ ಆರಂಭದ ಹೊತ್ತಿಗೆ ಅಮೆರಿಕದ ಕಾರ್ಯಾಚರಣೆ ಮುಗಿದಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಅಮೆರಿಕ ಮತ್ತು ಫಿಲಿಪ್ಪೀನ್ಸ್ ಸಹಿ ಹಾಕಿದ ರಕ್ಷಣಾ ಸಹಕಾರ ಒಪ್ಪಂದ ಅಮೆರಿಕದ ಪಡೆಗಳಿಗೆ ಫಿಲಿಪ್ಪೀನ್ಸ್ ನೆಲೆಗಳಲ್ಲಿ ಸರದಿಯಂತೆ ತಂಗಲು ಅವಕಾಶ ಕೊಟ್ಟಿತು. ಅದರ ಮಾತುಕತೆ ಚಂಡಮಾರುತಕ್ಕೂ ಮೊದಲೇ ಶುರುವಾಗಿತ್ತಾದರೂ ಪರಿಹಾರ ಕಾರ್ಯ ಅದಕ್ಕೊಂದು ಬಲವಾದ ವಾದ ಒದಗಿಸಿತು.

ದೇಶದಲ್ಲಿ ಸುಮಾರು 11 ಲಕ್ಷ ಮನೆಗಳು ಕುಸಿದಿದ್ದವು ಇಲ್ಲವೇ ಜಖಂಗೊಂಡಿದ್ದವು. ಕಡಲಂಚಿನವರನ್ನು ಟಕ್ಲೋಬಾನ್‌ನ ಉತ್ತರದ ಹೊಸ ಬಡಾವಣೆಗಳಿಗೆ ಕಳಿಸುವ ಕೆಲಸ ವರ್ಷಗಟ್ಟಲೆ ಎಳೆಯಿತು. ಮೀನುಗಾರರಿಗೆ ಅಲ್ಲಿಂದ ಕಡಲೇ ದೂರವಾಯಿತು, ಕುಡಿಯುವ ನೀರೂ ಸಾಲದಾಯಿತು. ಲೇಟೆಯ ರೈತರು ನಂಬಿದ್ದ ತೆಂಗು ಕೋಟಿಗಟ್ಟಲೆ ಮರಗಳ ಲೆಕ್ಕದಲ್ಲಿ ಹಾಳಾಗಿತ್ತು. ಹೊಸ ಸಸಿ ಫಲ ಕೊಡಲು ಆರೇಳು ವರ್ಷ ಬೇಕಾದ್ದರಿಂದ ಹಲವರು ಅಷ್ಟರವರೆಗೆ ತರಕಾರಿ, ಮೆಕ್ಕೆಜೋಳ, ಗೆಡ್ಡೆ ಬೆಳೆದು ಕಾಲ ತಳ್ಳಿದರು.