ಹಳೆಯ ಬಾಯ್ಲರಿಗೂ ಬೇಕು ಚೆಕಪ್

ಬ್ರಿಟನ್ನಿನ ಚಳಿಗಾಲದಲ್ಲಿ ಹಳೆಯ ಮನೆಗಳ ಸೆಂಟ್ರಲ್ ಹೀಟಿಂಗ್ ಆಗಾಗ ಮುನಿಸಿಕೊಳ್ಳುವುದುಂಟು. ರೇಡಿಯೇಟರ್ ಕೆಳಗೆ ಬಿಸಿಯಾಗಿ ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆಯೆಂದರ್ಥ. ಹೀಟಿಂಗ್ ಆರಿಸಿ, ತಣಿದ ಮೇಲೆ ಕೀಲಿಯಿಂದ ಗಾಳಿ ಬಿಟ್ಟು, ನೀರು ಕಂಡೊಡನೆ ಮುಚ್ಚಿರಿ. ಇಷ್ಟನ್ನು ನಾವೇ ಮಾಡಬಹುದು. ಗ್ಯಾಸ್ ಬಾಯ್ಲರನ್ನು ಮಾತ್ರ ಬಿಚ್ಚಬೇಡಿ. ವರ್ಷಕ್ಕೊಮ್ಮೆ ‘ಗ್ಯಾಸ್ ಸೇಫ್’ ನೋಂದಣಿಯುಳ್ಳ ಇಂಜಿನಿಯರಿಗೇ ತೋರಿಸಿ.

ವೈದ್ಯನಾಗಿ ಇನ್ನೊಂದು ಮಾತು. ಗ್ಯಾಸ್ ಪೂರ್ತಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜ್ವರವಿಲ್ಲದೆ ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ, ಫ್ಲೂ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಕಿಟಕಿ ತೆರೆದು, ಬಾಯ್ಲರ್ ಆರಿಸಿ ಹೊರಬನ್ನಿ. 0800 111 999ಕ್ಕೆ ಫೋನ್ ಮಾಡಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಬಾಯ್ಲರಿರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ತಪ್ಪದೇ ಇರಲಿ.